ಒಂದೇ ಕಾರು, ಇಬ್ಬರು ಆಕಾಂಕ್ಷಿಗಳು: ಮೊದಲು ಪಿಟ್‌ಗೆ ಹೋಗಬೇಕಾದವರು ಯಾರು?

ಹಿಂಬದಿ_ಕನ್ನಡಿ
2025ರ ಹಂಗೇರಿಯ ಫಾರ್ಮುಲಾ ಒನ್ (ಎಫ್‌1) ರೇಸನ್ನು ಇನ್ನೊಮ್ಮೆ ಪೂರ್ತಿ ನೋಡಿದೆ. ಗೆದ್ದವನು ಮೆಕ್ಲಾರೆನ್ ತಂಡದ ನಾರಿಸ್, ಒಪ್ಪೋಣ. ಆದರೆ ತಂಡದ ಜೊತೆಗಾರ ಪಿಯಾಸ್ಟ್ರಿಯನ್ನು ಅವನು ಟ್ರ್ಯಾಕಿನ ಮೇಲೆ ಹಿಂದಿಕ್ಕಿದ್ದು ಎಲ್ಲಿ? ಎಲ್ಲಿಯೂ ಇಲ್ಲ. ಮೊದಲ ಲ್ಯಾಪಿನಲ್ಲೇ ಐದನೇ ಸ್ಥಾನಕ್ಕೆ ಜಾರಿದವನು, ಹೋದರೆ ಹೋಗಲಿ ಎಂದು ಒಂದೇ ಪಿಟ್ ಸ್ಟಾಪಿನ (ಟೈರ್ ಬದಲಿಸಲು ಒಳಗೆ ಬಂದು ನಿಲ್ಲುವುದು) ಜೂಜಿಗೆ ಇಳಿದ. ಪಿಯಾಸ್ಟ್ರಿ ಮುಂದಿದ್ದ ಫೆರಾರಿಯ ಲೆಕ್ಲೇರ್‌ನನ್ನು ಹಿಡಿಯುವ ಆತುರದಲ್ಲಿ 18ನೇ ಲ್ಯಾಪಿಗೇ ಒಳಗೆ ಬಂದು ಎರಡು ಸ್ಟಾಪಿಗೆ ಕಟ್ಟುಬಿದ್ದ. ಕೊನೆಯಲ್ಲಿ ಹೊಸ ಟೈರ್ ಹಾಕಿಕೊಂಡು ಬೆನ್ನಟ್ಟಿ ಬಂದರೂ 0.698 ಸೆಕೆಂಡಿನಿಂದ ಸೋತ.

ನನ್ನ ತಕರಾರು ಇಷ್ಟೇ. ಇಬ್ಬರದೂ ಒಂದೇ ಕಾರು, ಇಬ್ಬರೂ ಚಾಂಪಿಯನ್ ಪಟ್ಟದ ಆಕಾಂಕ್ಷಿಗಳು, ಟ್ರ್ಯಾಕಿನಲ್ಲಿ ಒಬ್ಬರನ್ನೊಬ್ಬರು ದಾಟಲು ಸಾಧ್ಯವಿಲ್ಲ. ಹಾಗಿದ್ದಾಗ ಯಾರನ್ನು ಯಾವ ಲ್ಯಾಪಿನಲ್ಲಿ ಒಳಗೆ ಕರೆಯಬೇಕೆಂದು ನಿರ್ಧರಿಸುವ ತಂಡವೇ ಚಾಂಪಿಯನ್ ಯಾರೆಂದೂ ನಿರ್ಧರಿಸಿದಂತೆ ಆಗುವುದಿಲ್ಲವೇ? ‘ಇಬ್ಬರಿಗೂ ಸಮಾನ ಅವಕಾಶ’ ಎನ್ನುವುದು ಬರೀ ಬಾಯಿಮಾತು ಎಂದೇ ನನಗೆ ಅನಿಸುತ್ತಿದೆ.

ಪಪಾಯ_ಪಕ್ಷ
ಶುರುವಾಯಿತು ನೋಡಿ! ಹಿಂದೆ ಇದ್ದವನು ಬೇರೆ ದಾರಿ ಹಿಡಿದು ಗೆದ್ದರೆ ಅದು ಮೋಸವೇ? ಬಳಸಿದ ಟೈರಿನಲ್ಲಿ 39 ಲ್ಯಾಪ್ ಎಳೆದವನು ನಾರಿಸ್, ತಂಡದ ಕಂಪ್ಯೂಟರ್ ಅಲ್ಲ. 31ನೇ ಲ್ಯಾಪಿಗೆ ನಿಲ್ಲಿಸಿ, ಅದೇ ಟೈರಿನಲ್ಲಿ ಕೊನೆಯವರೆಗೆ ಬಂದ.

ಟೈರ್_ಮಾಪಕ
ಹಾಕಿದಾಗ ಅದು ಹೊಸ ಹಾರ್ಡ್ ಟೈರೇ. ‘ಬಳಸಿದ’ ಎನ್ನಬೇಡಿ, ‘ಹಾಕಿ 39 ಲ್ಯಾಪ್ ಆಗಿದ್ದ’ ಎನ್ನಿ. ಉಳಿದದ್ದು ಸರಿ.

ಗಾಳಿಗೆ_ಗುರಿ
ಮೂಲ ಪ್ರಶ್ನೆಗೆ ಬರೋಣ. ತಂಡದ ಜೊತೆಗಾರನನ್ನು ದಾಟುವುದು ಬೇರೆಯವರನ್ನು ದಾಟುವುದಕ್ಕಿಂತ ಏಕೆ ಕಷ್ಟ ಎಂಬುದು ಮೊದಲು ಸ್ಪಷ್ಟವಾಗಬೇಕು.

ಬೇರೆ ತಂಡದ ಕಾರನ್ನು ಹಿಂದಿಕ್ಕುವಾಗ ಎಲ್ಲೋ ಒಂದು ಕಡೆ ವ್ಯತ್ಯಾಸ ಸಿಗುತ್ತದೆ. ಅವರ ಕಾರು ನೇರ ರಸ್ತೆಯಲ್ಲಿ ನಿಧಾನ ಇರಬಹುದು, ನಮ್ಮದು ನಿಧಾನ ತಿರುವಿನಿಂದ ಚೆನ್ನಾಗಿ ಚಿಮ್ಮಬಹುದು, ಅವರ ಟೈರ್ ಬೇಗ ಸವೆಯಬಹುದು. ಜೊತೆಗಾರನ ವಿಷಯದಲ್ಲಿ ಇವೆಲ್ಲವೂ ಶೂನ್ಯ. ಎಂಜಿನ್ ಅದೇ, ರೆಕ್ಕೆ ಹೆಚ್ಚುಕಡಿಮೆ ಅದೇ, ಬ್ಯಾಟರಿ ಎಲ್ಲಿ ಖಾಲಿಯಾಗುತ್ತದೆ ಎಂಬುದೂ ಅದೇ. ಮುಂದಿನವನು ಎಲ್ಲಿ ದುರ್ಬಲನೋ ಹಿಂದಿನವನೂ ಅಲ್ಲೇ ದುರ್ಬಲ. ಇದರ ಮೇಲೆ ಹಿಂದಿನವನು ಮುಂದಿನ ಕಾರು ಕಲಕಿ ಬಿಟ್ಟ ಗಾಳಿಯಲ್ಲಿ ಓಡಬೇಕು.

2022ರ ಹೊಸ ನಿಯಮ ತಂದಾಗ ಎಫ್‌1 ಸಂಸ್ಥೆಯೇ ಪ್ರಕಟಿಸಿದ ಲೆಕ್ಕ ನೆನಪಿದೆಯೇ? ಮುಂದಿನ ಕಾರಿನಿಂದ 20 ಮೀಟರ್ ಹಿಂದೆ ಇದ್ದಾಗ ಹಳೆಯ ಕಾರು 35 ಶೇಕಡಾ ಡೌನ್‌ಫೋರ್ಸ್ (ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಗಾಳಿಯ ಬಲ) ಕಳೆದುಕೊಳ್ಳುತ್ತಿತ್ತು, 10 ಮೀಟರಿಗೆ ಬಂದರೆ 46 ಶೇಕಡಾ. ಹೊಸ ಕಾರಿಗೆ ಅದು 4 ಮತ್ತು 18ಕ್ಕೆ ಇಳಿಯುತ್ತದೆ ಎಂದಿದ್ದರು. ಮೊದಲ ವರ್ಷ ನಿಜಕ್ಕೂ ಹತ್ತಿರ ಹತ್ತಿರ ಓಡಿದರು. ಆಮೇಲೆ ಎಂಜಿನಿಯರುಗಳು ಸುಮ್ಮನಿರುತ್ತಾರೆಯೇ? ಮುಂದಿನ ರೆಕ್ಕೆಯ ತುದಿಯಿಂದ ಗಾಳಿಯನ್ನು ಹೊರಕ್ಕೆ ತಳ್ಳುವ ವಿದ್ಯೆಯನ್ನು ಒಂದೊಂದಾಗಿ ಮರಳಿ ತಂದರು. 2025ರ ಹೊತ್ತಿಗೆ ಚಾಲಕರೆಲ್ಲ ಮತ್ತೆ ಅದೇ ದೂರು ಹೇಳುತ್ತಿದ್ದರು.

ತಿರುವಿನಲ್ಲಿ ಹಿಡಿತ ತಪ್ಪಿದರೆ ಮುಂಚಕ್ರ ಜಾರುತ್ತದೆ, ಜಾರಿದರೆ ಟೈರ್ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನಷ್ಟು ಜಾರುತ್ತದೆ. ನಾಲ್ಕೈದು ಲ್ಯಾಪ್ ಹಿಂದೆ ಅಂಟಿಕೊಂಡರೆ ಸಾಕು, ಬೆನ್ನಟ್ಟಿದವನ ಟೈರೇ ಮೊದಲು ಸೋಲುತ್ತದೆ. ಆದ್ದರಿಂದ ಜೊತೆಗಾರನನ್ನು ದಾಟಲು ಉಳಿಯುವುದು ಎರಡೇ ದಾರಿ: ಟೈರಿನ ವಯಸ್ಸಿನಲ್ಲಿ ಅಂತರ, ಇಲ್ಲವೇ ಪಿಟ್ ಸ್ಟಾಪ್. ಎರಡೂ ತಂಡದ ಕೈಯಲ್ಲಿವೆ.

ಹಿಂಬದಿ_ಕನ್ನಡಿ
ನಾನು ಹೇಳಿದ್ದೂ ಅದನ್ನೇ. ನೀವು ವಿಜ್ಞಾನ ಸೇರಿಸಿ ಹೇಳಿದಿರಿ.

ಮೂರನೇ_ಗೇರ್
ಕೈ ತಂಡದ್ದು, ಸರಿ. ಆದರೆ ಹಂಗೇರಿಯ 69ನೇ ಲ್ಯಾಪ್ ಮರೆಯಬೇಡಿ. ಮೊದಲ ತಿರುವಿಗೆ ಪಿಯಾಸ್ಟ್ರಿ ಒಳಗಿನಿಂದ ನುಗ್ಗಿದ. ಬ್ರೇಕ್ ಒತ್ತಿದ ಕ್ಷಣ ಮುಂದಿನ ಚಕ್ರ ಲಾಕ್ ಆಯಿತು, ಬಿಳಿ ಹೊಗೆ ಎದ್ದಿತು, ಕಾರು ನಾರಿಸ್‌ನ ಹಿಂಚಕ್ರದ ಪಕ್ಕದಲ್ಲಿ ಕೂದಲೆಳೆಯ ಅಂತರದಲ್ಲಿ ಜಾರಿಕೊಂಡು ಹೋಯಿತು. ಒಂದಿಷ್ಟು ಆಚೀಚೆ ಆಗಿದ್ದರೆ ಇಬ್ಬರೂ ಹೊರಗೆ. ಅಂದರೆ ದಾಟಲು ಅವಕಾಶ ಇತ್ತು, ದಾಟುವವನಿಂದ ಆಗಲಿಲ್ಲ.

ಟೈರ್_ಮಾಪಕ
14 ಲ್ಯಾಪ್ ಹೊಸದಾದ ಟೈರ್ ಇದ್ದೂ ಅಷ್ಟು ದೂರದಿಂದ ನುಗ್ಗಬೇಕಾಯಿತು ಎಂದರೆ ಅದೇ ಕಷ್ಟಕ್ಕೆ ಸಾಕ್ಷಿ. ಹಂಗೇರಿಯ ಟ್ರ್ಯಾಕ್ ಹಂಗರೋರಿಂಗ್‌ನಲ್ಲಿ ಇರುವುದು ಒಂದೇ ಒಂದು ಹೇಳಿಕೊಳ್ಳುವಂಥ ನೇರ ರಸ್ತೆ. ಉಳಿದದ್ದೆಲ್ಲ ಒಂದರ ಹಿಂದೆ ಒಂದು ತಿರುವು.

ಹಳೆಯ_ಪ್ರೇಕ್ಷಕ
ನೀವೆಲ್ಲ ಇದನ್ನು ಹೊಸ ರೋಗ ಎಂಬಂತೆ ಮಾತನಾಡುತ್ತಿದ್ದೀರಿ. 1989ರ ಇಮೋಲಾ ನೋಡಿ. ಮೊದಲ ತಿರುವಿಗೆ ಯಾರು ಮುಂದೆ ಹೋಗುತ್ತಾರೋ ಅವರನ್ನು ಇನ್ನೊಬ್ಬರು ಅಲ್ಲಿ ಕೆಣಕಬಾರದು ಎಂದು ಮೆಕ್ಲಾರೆನ್‌ನ ಜೊತೆಗಾರರಾದ ಸೆನ್ನಾ, ಪ್ರೋಸ್ಟ್ ನಡುವೆ ಒಪ್ಪಂದ. ಬರ್ಗರ್‌ನ ಭಯಂಕರ ಅಪಘಾತದ ನಂತರ ರೇಸ್ ಮರು ಆರಂಭವಾಯಿತು. ಪ್ರೋಸ್ಟ್ ಮುಂದೆ ಹೋದ, ಸೆನ್ನಾ ಟೋಸಾ ತಿರುವಿನಲ್ಲಿ ದಾಟಿದ. ಒಪ್ಪಂದ ಮೊದಲ ಆರಂಭಕ್ಕೆ ಮಾತ್ರವೋ, ಮರು ಆರಂಭಕ್ಕೂ ಅನ್ವಯವೋ ಎಂದು ಜಗಳ. ಅದು ಬೆಳೆದು ಬೆಳೆದು ಅದೇ ವರ್ಷ ಸುಜುಕಾದ ಚಿಕೇನಿನಲ್ಲಿ (ಎಡಬಲದ ಕಿರಿದಾದ ಜೋಡಿ ತಿರುವು) ಎರಡೂ ಮೆಕ್ಲಾರೆನ್ ಕಾರುಗಳು ಕೊಂಡಿ ಹಾಕಿಕೊಂಡು ನಿಂತವು. ಆಗ ಈಗಿನಷ್ಟು ಪಿಟ್ ಸ್ಟಾಪ್ ಲೆಕ್ಕವೂ ಇಲ್ಲ, ರೇಡಿಯೋ ಪಂಚಾಯಿತಿಯೂ ಇಲ್ಲ. ಆದರೂ ಜಗಳ ಇದೇ: ನಿಯಮ ಎಲ್ಲಿಗೆ ಮುಗಿಯುತ್ತದೆ?

ಸುಮ್ಮನೆ_ಓದುಗ
ಮೆಕ್ಲಾರೆನ್‌ಗೂ ಮನೆಜಗಳಕ್ಕೂ ಏನೋ ನಂಟಿದೆ. 1989, 2007, 2025.

ಲೆಕ್ಕದ_ಪುಸ್ತಕ
2007ರಲ್ಲಿ ಆದದ್ದು ಇಬ್ಬರ ಜಗಳ ಮೂರನೆಯವನಿಗೆ ಲಾಭ. ಮೆಕ್ಲಾರೆನ್‌ನ ಹ್ಯಾಮಿಲ್ಟನ್ 109 ಅಂಕ, ಅಲೊನ್ಸೊ 109, ಫೆರಾರಿಯ ರೈಕೋನೆನ್ 110. ಹಂಗೇರಿಯ ಅರ್ಹತಾ ಸುತ್ತಿನಲ್ಲಿ ಅಲೊನ್ಸೊ ಪಿಟ್ ಜಾಗದಲ್ಲಿ ಬೇಕೆಂದೇ ನಿಂತು ಹಿಂದಿದ್ದ ಹ್ಯಾಮಿಲ್ಟನ್‌ಗೆ ಕೊನೆಯ ಲ್ಯಾಪ್ ತಪ್ಪಿಸಿದ್ದು ನೆನಪಿರಬೇಕು.

ಆದರೆ ಹಂಗೇರಿಯಲ್ಲಿ ಹೀಗಾಯಿತು ಹಾಗಾಯಿತು ಎಂದು ಕೂರುವ ಬದಲು 2025ರ ಮೋಂಜಾ ತೆಗೆದುಕೊಳ್ಳಿ. ಅಲ್ಲಿ ಲೆಕ್ಕ ಕಣ್ಣಿಗೆ ರಾಚುತ್ತದೆ. ನಾರಿಸ್ ಎರಡನೆಯವನು, ಪಿಯಾಸ್ಟ್ರಿ ಮೂರನೆಯವನು. ರೂಢಿಯಂತೆ ಮುಂದಿದ್ದ ನಾರಿಸ್ ಮೊದಲು ಪಿಟ್‌ಗೆ ಬರಬೇಕಿತ್ತು. ಹಿಂದಿದ್ದ ಲೆಕ್ಲೇರ್‌ನ ಅಪಾಯ ತಪ್ಪಿಸಲು ಪಿಯಾಸ್ಟ್ರಿಯನ್ನು ಮೊದಲು ಕರೆದರು. ಇದರಿಂದ ನಿನ್ನ ಸ್ಥಾನ ಹೋಗುವುದಿಲ್ಲ ಎಂದು ನಾರಿಸ್‌ಗೆ ಹೇಳಿದ್ದರು. ಮುಂದಿನ ಲ್ಯಾಪಿಗೆ ನಾರಿಸ್ ಬಂದ. ಮುಂದಿನ ಎಡಚಕ್ರ ಕೂರಲಿಲ್ಲ, 5.9 ಸೆಕೆಂಡ್ ನಿಂತ. ಹೊರಬಂದಾಗ ಪಿಯಾಸ್ಟ್ರಿ ಮುಂದೆ. ತಂಡ ಸ್ಥಾನ ಬಿಟ್ಟುಕೊಡು ಎಂದಿತು. ಪಿಟ್ ಸ್ಟಾಪ್ ತಡವಾಗುವುದು ರೇಸಿನ ಭಾಗ ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವಲ್ಲ, ಈಗ ಬದಲಾಗಿದ್ದು ಏನು ಎಂದು ಅವನು ಕೇಳಿದ. ಕೇಳಿ, ಬಿಟ್ಟುಕೊಟ್ಟ.

ಎರಡನೇ ಸ್ಥಾನಕ್ಕೆ 18 ಅಂಕ, ಮೂರಕ್ಕೆ 15. ವರ್ಷದ ಕೊನೆಯಲ್ಲಿ ನಾರಿಸ್ 423, ರೆಡ್ ಬುಲ್‌ನ ವರ್ಸ್ಟಪ್ಪೆನ್ 421, ಪಿಯಾಸ್ಟ್ರಿ 410. ಆ ಅದಲು ಬದಲು ನಡೆಯದಿದ್ದರೆ ನಾರಿಸ್ 420. ಚಾಂಪಿಯನ್ ವರ್ಸ್ಟಪ್ಪೆನ್. ಈಗ ಹೇಳಿ, ತಂಡ ತೀರ್ಮಾನಿಸಿತೋ ಇಲ್ಲವೋ?

ಪಪಾಯ_ಪಕ್ಷ
ಆ ಲೆಕ್ಕವನ್ನು ಯಾರು ಬೇಕಾದರೂ ತಮಗೆ ಬೇಕಾದ ರೇಸಿನಿಂದ ಹಾಕಬಹುದು ಸ್ವಾಮಿ. ವರ್ಸ್ಟಪ್ಪೆನ್ ಸ್ಪೇನ್‌ನಲ್ಲಿ ರಸೆಲ್‌ಗೆ ಗುದ್ದಿ ದಂಡ ತಿಂದು ಹತ್ತನೇ ಸ್ಥಾನಕ್ಕೆ ಬಿದ್ದನಲ್ಲ? ಅಲ್ಲಿ ಐದನೇ ಸ್ಥಾನದ 10 ಅಂಕ ಹೋಗಿ ಒಂದು ಉಳಿಯಿತು. ಒಂಬತ್ತು ಅಂಕ ತಾನಾಗಿಯೇ ಚೆಲ್ಲಿಕೊಂಡ. ಝಾಂಡ್‌ವೂರ್ಟ್‌ನಲ್ಲಿ ಎರಡನೆಯವನಾಗಿ ಓಡುತ್ತಿದ್ದ ನಾರಿಸ್‌ನ ಕಾರು ಹೊಗೆ ಕಕ್ಕಿ ನಿಂತಿತು. ಲಾಸ್ ವೇಗಾಸ್‌ನಲ್ಲಿ ಕಾರಿನ ಅಡಿಹಲಗೆ ಸವೆದು ಎರಡೂ ಮೆಕ್ಲಾರೆನ್ ಅನರ್ಹ. ಇವನ್ನೆಲ್ಲ ಬಿಟ್ಟು ಮೋಂಜಾದ ಮೂರು ಅಂಕಕ್ಕೆ ಮಾತ್ರ ಹಣೆಪಟ್ಟಿ ಕಟ್ಟುವುದೇಕೆ?

ಲೆಕ್ಕದ_ಪುಸ್ತಕ
ಏಕೆಂದರೆ ಉಳಿದವು ತಪ್ಪು, ಅಪಘಾತ, ಕೆಟ್ಟುಹೋದದ್ದು. ಮೋಂಜಾದ್ದು ಒಂದು ಆದೇಶ. ವ್ಯತ್ಯಾಸ ಗೊತ್ತಾಗಲಿಲ್ಲವೇ?

ಒಂದೇ_ಲ್ಯಾಪ್
ಮೋಂಜಾದ ಆದೇಶ ಸರಿಯೇ. ಮಾತು ಕೊಟ್ಟು ಮೊದಲು ಹಿಂದಿದ್ದವನನ್ನು ಕರೆದವರು ತಂಡದವರು. ಕೊಟ್ಟ ಮಾತು ಉಳಿಸಿಕೊಂಡರು, ಅಷ್ಟೇ. 2024ರ ಹಂಗೇರಿಯಲ್ಲೂ ಇದೇ ಆಯಿತು, ಅದು ಪಿಯಾಸ್ಟ್ರಿಗೆ ಅನುಕೂಲವಾಗಿತ್ತು. ಮುಂದಿದ್ದವನು ಪಿಯಾಸ್ಟ್ರಿ, ಹ್ಯಾಮಿಲ್ಟನ್‌ನಿಂದ ಕಾಪಾಡಲು ನಾರಿಸ್‌ನನ್ನು ಮೊದಲು ಕರೆದರು, ಅವನು ಮುಂದೆ ಬಂದ, ಕೊನೆಯ ಲ್ಯಾಪಿನಲ್ಲಿ ಬಿಟ್ಟುಕೊಟ್ಟ.

ಟೈರ್_ಮಾಪಕ
ಕೊನೆಯ ಲ್ಯಾಪ್ ಅಲ್ಲ. 70ರ ಪೈಕಿ 68ನೇ ಲ್ಯಾಪ್. ನಾರಿಸ್ 45ಕ್ಕೆ ನಿಲ್ಲಿಸಿದ, ಪಿಯಾಸ್ಟ್ರಿ 47ಕ್ಕೆ. ಆ ಎರಡು ಲ್ಯಾಪಿನಲ್ಲಿ ಹೊಸ ಟೈರಿನ ವೇಗವೇ ಎಲ್ಲ ಮಾಡಿಬಿಟ್ಟಿತು. ಅಂಡರ್‌ಕಟ್ ಎಂದರೆ ಇದೇ.

ಒಂದೇ_ಲ್ಯಾಪ್
68 ಆದರೇನು 70 ಆದರೇನು, ಬಿಟ್ಟುಕೊಟ್ಟನೋ ಇಲ್ಲವೋ?

ಮೂರನೇ_ಗೇರ್
ಬಿಟ್ಟುಕೊಡಲು ಇಪ್ಪತ್ತು ಲ್ಯಾಪ್ ಗೋಗರೆಯಬೇಕಾಯಿತು. ಎಂಜಿನಿಯರ್ ಪಾಪ, ಸಂಬಂಧಿಕರ ಮನೆಯ ಆಸ್ತಿ ವಿವಾದಕ್ಕೆ ಸಿಕ್ಕಿಬಿದ್ದ ಹಿರಿಯರಂತೆ ಮಾತಾಡುತ್ತಿದ್ದರು. ಆ ರೇಡಿಯೋ ಕೇಳಿದರೆ ಈಗಲೂ ನಗು ಬರುತ್ತದೆ.

ಗಾಳಿಗೆ_ಗುರಿ
ನಗು ಬಂದರೂ ಗಮನಿಸಬೇಕಾದದ್ದು ಒಂದಿದೆ. ಎರಡೂ ಸಂದರ್ಭಗಳಲ್ಲಿ ಹಿಂದಿದ್ದವನನ್ನು ಮೊದಲು ಕರೆಯಲು ಕಾರಣ ಮೂರನೇ ಕಾರು. ಅತ್ತ ಹೊರಗಿನವನಿಂದ ಸ್ಥಾನ ಕಾಪಾಡಬೇಕು, ಇತ್ತ ಒಳಗಿನವರ ಸರದಿ ಕೆಡಬಾರದು. ಎರಡು ಕಾರನ್ನು ಒಂದೇ ಲ್ಯಾಪಿನಲ್ಲಿ ಕರೆದರೆ ಹಿಂದಿನವನು ಮುಂದಿನವನ ಟೈರ್ ಬದಲಾಗುವವರೆಗೆ ಕಾಯುತ್ತ ನಿಲ್ಲಬೇಕು. ಮುಂದಿನವನನ್ನು ಮೊದಲು ಕರೆದರೆ ಹಿಂದಿನವನು ಹೊರಗಿನವನಿಗೆ ಬಲಿ. ಹಿಂದಿನವನನ್ನು ಮೊದಲು ಕರೆದರೆ ಮುಂದಿನವನು ಜೊತೆಗಾರನಿಗೆ ಬಲಿ. ಪಿಟ್ ವಾಲ್‌ನಲ್ಲಿ ಕೂತು ತೀರ್ಮಾನ ಮಾಡುವವರಿಗೆ ಯಾವುದೂ ಪುಕ್ಕಟೆ ಅಲ್ಲ.

ಹಿಂಬದಿ_ಕನ್ನಡಿ
ಕತಾರ್‌ನಲ್ಲಿ ಪುಕ್ಕಟೆ ಸಿಕ್ಕಿತ್ತಲ್ಲ! 2025ರ ಕತಾರ್‌ನಲ್ಲಿ ಒಂದು ಜೊತೆ ಟೈರ್ 25 ಲ್ಯಾಪಿಗಿಂತ ಹೆಚ್ಚು ಓಡಬಾರದೆಂಬ ಮಿತಿ. ರೇಸ್ 57 ಲ್ಯಾಪ್. ಏಳನೇ ಲ್ಯಾಪಿಗೆ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬಂತು, ಆಗ ಪಿಟ್‌ಗೆ ಹೋದರೆ ನಷ್ಟ ಕಡಿಮೆ. ಉಳಿದದ್ದು ಸರಿಯಾಗಿ 50, ಎರಡು ಇಪ್ಪತ್ತೈದು. ಯಾರೋ ಗಣಿತದ ಮೇಷ್ಟ್ರು ಬರೆದ ಹಾಗಿದೆ. ಬಹುತೇಕ ಎಲ್ಲರೂ ಒಳಗೆ ಬಂದರು. ಮೆಕ್ಲಾರೆನ್‌ನ ಇಬ್ಬರೂ ಹೊರಗೇ ಉಳಿದರು. ಪೋಲ್‌ನಿಂದ (ಎಲ್ಲರಿಗಿಂತ ಮುಂದಿನ ಜಾಗದಿಂದ) ಹೊರಟಿದ್ದ ಪಿಯಾಸ್ಟ್ರಿ ಎರಡನೆಯವನಾದ, ನಾರಿಸ್ ನಾಲ್ಕನೆಯವನಾದ, ಗೆದ್ದದ್ದು ವರ್ಸ್ಟಪ್ಪೆನ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಒಬ್ಬನೇ ಆಕಾಂಕ್ಷಿ ಇದ್ದ ತಂಡವಾಗಿದ್ದರೆ ಎರಡನೇ ಯೋಚನೆ ಇಲ್ಲದೆ ಕರೆಯುತ್ತಿದ್ದರು. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕರೆದರೆ ಪಕ್ಷಪಾತ, ಇಬ್ಬರನ್ನೂ ಕರೆದರೆ ಹಿಂದಿನವನಿಗೆ ನಷ್ಟ. ಆ ಅಂಜಿಕೆಯೇ ಅವರ ಕೈ ಕಟ್ಟಿತು ಎಂಬುದು ನನ್ನ ಗುಮಾನಿ.

ಪಪಾಯ_ಪಕ್ಷ
ಗುಮಾನಿಗೆ ಸಾಕ್ಷಿ ಬೇಡವೇ? ಬರೀ ತಪ್ಪು ಲೆಕ್ಕಾಚಾರ ಎಂದು ಏಕೆ ಒಪ್ಪಬಾರದು? ಎಲ್ಲದರ ಹಿಂದೆಯೂ ನೀತಿಶಾಸ್ತ್ರ ಹುಡುಕಬೇಡಿ.

ಹಳೆಯ_ಪ್ರೇಕ್ಷಕ
ಒಬ್ಬನೇ ಆಕಾಂಕ್ಷಿ ಇದ್ದರೂ ಎಡವುತ್ತಾರೆ. 2010ರ ಅಬುಧಾಬಿ. ಅಲೊನ್ಸೊ ಅಂಕಪಟ್ಟಿಯಲ್ಲಿ ಮುಂದೆ. ಅವನ ತಂಡ ಫೆರಾರಿಗೆ ರೆಡ್ ಬುಲ್‌ನ ವೆಬ್ಬರ್‌ನ ಮೇಲೆ ಮಾತ್ರ ಕಣ್ಣು. ವೆಬ್ಬರ್ ಬೇಗ ಪಿಟ್‌ಗೆ ಹೋದ ಎಂದು ಅಲೊನ್ಸೊನನ್ನೂ ಕರೆದರು. ಹೊರಬಂದಾಗ ಮುಂದೆ ಪೆಟ್ರೋವ್‌ನ ರೆನೋ. ಉಳಿದ ರೇಸ್ ಪೂರ್ತಿ ಆ ಕಾರಿನ ಹಿಂಬದಿಯನ್ನೇ ನೋಡುತ್ತ ಏಳನೆಯವನಾಗಿ ಮುಗಿಸಿದ. ವೆಬ್ಬರ್‌ನ ಜೊತೆಗಾರ ವೆಟ್ಟೆಲ್ ಗೆದ್ದು 256 ಅಂಕ, ಅಲೊನ್ಸೊ 252. ಹಿಂದಿನವನು ದಾಟಲೆಂದು ಹಿಂಬದಿ ರೆಕ್ಕೆ ತೆರೆಯುವ ಡಿಆರ್‌ಎಸ್ ಆಗಿನ್ನೂ ಇರಲಿಲ್ಲ, ಮರುವರ್ಷ ಬಂತು. ಅಲ್ಲಿ ರೆಡ್ ಬುಲ್ ಇಬ್ಬರು ಆಕಾಂಕ್ಷಿಗಳನ್ನು ಕೊನೆಯವರೆಗೂ ಬಿಟ್ಟದ್ದೇ ಅವರಿಗೆ ವರವಾಯಿತು. ಒಬ್ಬನನ್ನು ಕಾಯಲು ಹೋದ ಎದುರಾಳಿ ಇನ್ನೊಬ್ಬನನ್ನು ಮರೆತ.

ಸುಮ್ಮನೆ_ಓದುಗ
ಇದು ಚೆನ್ನಾಗಿದೆ. ಇಬ್ಬರು ಇದ್ದರೆ ನಷ್ಟ ಎನ್ನುವವರೆಲ್ಲ ಓದಬೇಕು.

ಲೆಕ್ಕದ_ಪುಸ್ತಕ
ಹಾಗೆ ಬಿಟ್ಟ ತಂಡವೇ ಮೂರು ವರ್ಷದ ಮೇಲೆ ಮಲೇಷ್ಯಾದಲ್ಲಿ ‘ಮಲ್ಟಿ 21’ ಎಂದಿತು. 2ನೇ ನಂಬರಿನ ವೆಬ್ಬರ್ ಮುಂದೆ, 1ನೇ ನಂಬರಿನ ವೆಟ್ಟೆಲ್ ಹಿಂದೆ ಎಂದು ಅದರ ಅರ್ಥ. ವೆಟ್ಟೆಲ್ ಕಿವಿಗೆ ಹಾಕಿಕೊಳ್ಳದೆ ದಾಟಿ ಗೆದ್ದ. ಆದೇಶ ಕೊಡುವುದು ಬೇರೆ, ನಡೆಯುವುದು ಬೇರೆ.

ಹಳೆಯ_ಪ್ರೇಕ್ಷಕ
1982ರ ಇಮೋಲಾದಲ್ಲೂ ಹಾಗೆಯೇ. ಫೆರಾರಿ ತಂಡ ‘ಸ್ಲೋ’ ಎಂಬ ಫಲಕ ತೋರಿಸಿತು. ಸ್ಥಾನ ಕಾಯ್ದುಕೊಳ್ಳಿ ಎಂದೇ ಅದರ ಅರ್ಥ ಎಂದು ವಿಲ್ನವ್ ನಂಬಿದ. ಜೊತೆಗಾರ ಪಿರೋನಿ ದಾಟಿ ಗೆದ್ದ. ಎರಡು ವಾರಕ್ಕೆ ಝೋಲ್ಡರ್‌ನ ಅರ್ಹತಾ ಸುತ್ತಿನಲ್ಲಿ ವಿಲ್ನವ್ ಸತ್ತ. ಆ ಎರಡು ವಾರ ಅವರಿಬ್ಬರ ನಡುವೆ ಮಾತಿರಲಿಲ್ಲ. ತಂಡದ ಮಾತು ಅಸ್ಪಷ್ಟ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ನನಗೆ ಗೊತ್ತಿಲ್ಲ. ಮೆಕ್ಲಾರೆನ್‌ನವರು ಪುಟಗಟ್ಟಲೆ ನಿಯಮ ಬರೆಯುತ್ತಾರೆಂದು ನಗುವವರು ಇದನ್ನು ನೆನೆಯಲಿ.

ಒಂದೇ_ಲ್ಯಾಪ್
ಒಪ್ಪಿದೆ. ಆದರೂ ನಿಯಮ ಹೆಚ್ಚಾದಷ್ಟೂ ಅದರ ಸಂದುಗಳೂ ಹೆಚ್ಚು. 2025ರ ಸಿಂಗಪುರದ ಮೊದಲ ಲ್ಯಾಪಿನಲ್ಲಿ ನಾರಿಸ್ ಪಿಯಾಸ್ಟ್ರಿಗೆ ತಾಗಿದಾಗ ‘ಜೊತೆಗಾರನಿಗೆ ತಾಗಬಾರದು’ ಎಂಬ ನಿಯಮ ಎಲ್ಲಿ ಹೋಗಿತ್ತು? ಕೆನಡಾದಲ್ಲಿ ನಾರಿಸ್ ಹಿಂದಿನಿಂದ ಗುದ್ದಿ ತಾನೇ ಹೊರಬಿದ್ದಾಗಲಂತೂ ತಪ್ಪು ತನ್ನದೇ ಎಂದು ಕೂಡಲೇ ಹೇಳಿದ, ಅದು ದೊಡ್ಡತನ.

ಮೂರನೇ_ಗೇರ್
ನನಗೆ ಬೇಕಿರುವುದು 2014ರ ಬಹರೇನ್. ಕೊನೆಯಲ್ಲಿ ಸೇಫ್ಟಿ ಕಾರ್ ಹೋದ ಮೇಲೆ ಮರ್ಸಿಡಿಸ್‌ನ ರೋಸ್‌ಬರ್ಗ್ ವೇಗದ ಸಾಫ್ಟ್ ಟೈರಿನಲ್ಲಿ, ಜೊತೆಗಾರ ಹ್ಯಾಮಿಲ್ಟನ್ ನಿಧಾನದ ಮೀಡಿಯಂನಲ್ಲಿ. ತಂಡ ಹೇಳಿದ್ದು ಎರಡೂ ಕಾರನ್ನು ಮನೆಗೆ ತನ್ನಿ ಎಂದು ಮಾತ್ರ. ಒಬ್ಬ ಒಳಗಿನಿಂದ ನುಗ್ಗುತ್ತಾನೆ, ಇನ್ನೊಬ್ಬ ಅಡ್ಡ ಕತ್ತರಿಸಿ ಮರಳಿ ಮುಂದೆ ಬರುತ್ತಾನೆ, ಮುಂದಿನ ತಿರುವಿಗೆ ಮತ್ತೆ ಅದೇ. ನಿಧಾನ ಟೈರಿನವನೇ ಸುಮಾರು ಒಂದು ಸೆಕೆಂಡಿನಿಂದ ಗೆದ್ದ. ಸ್ಟ್ರಾಟಜಿ ಬೇರೆ ಮಾಡಿದರೆ ಪಕ್ಷಪಾತ ಎನ್ನುವವರು ಇದನ್ನು ನೋಡಿ. ಬೇರೆ ಮಾಡಿದ್ದರಿಂದಲೇ ಆಟ ಹುಟ್ಟಿತು.

ಗಾಳಿಗೆ_ಗುರಿ
ಅದೇ ಜೋಡಿಯ ಅದೇ ವರ್ಷದ ಹಂಗೇರಿಯನ್ನೂ ಹೇಳಿಬಿಡಿ. ರೋಸ್‌ಬರ್ಗ್‌ಗೆ ಇನ್ನೊಂದು ಸ್ಟಾಪ್ ಬಾಕಿ ಇತ್ತು, ದಾರಿ ಬಿಡು ಎಂದು ಹ್ಯಾಮಿಲ್ಟನ್‌ಗೆ ಹೇಳಿದರು. ದಾಟುವಷ್ಟು ಹತ್ತಿರ ಬರಲಿ, ನಾನಾಗಿ ನಿಧಾನ ಮಾಡುವುದಿಲ್ಲ ಎಂದ ಹ್ಯಾಮಿಲ್ಟನ್. ಹತ್ತಿರ ಬರಲು ಆಗಲೇ ಇಲ್ಲ. ಪಿಟ್ ಲೇನಿನಿಂದ ಹೊರಟಿದ್ದ ಹ್ಯಾಮಿಲ್ಟನ್ ಮೂರನೆಯವನು, ಪೋಲ್‌ನಲ್ಲಿದ್ದ ರೋಸ್‌ಬರ್ಗ್ ನಾಲ್ಕನೆಯವನು. ಭಿನ್ನ ಸ್ಟ್ರಾಟಜಿ ಕಾಗದದ ಮೇಲೆ ಎಷ್ಟೇ ಚೆಂದ ಇರಲಿ, ಎರಡು ಕಾರು ಟ್ರ್ಯಾಕಿನ ಒಂದೇ ಜಾಗದಲ್ಲಿ ಎದುರಾದರೆ ಕೆಡುತ್ತದೆ. ಜೊತೆಗಾರ ಪಟ್ಟದ ಎದುರಾಳಿಯೂ ಆಗಿದ್ದರೆ ದಾರಿ ಬಿಡುವುದಿಲ್ಲ.

ಹಿಂಬದಿ_ಕನ್ನಡಿ
ಪಟ್ಟದ ಆಸೆ ಇಲ್ಲದಿದ್ದರೆ ಹೇಗಿರುತ್ತದೆ ಎಂಬುದಕ್ಕೆ 2025ರ ಮೊನಾಕೊ. ಎರಡು ಸ್ಟಾಪ್ ಕಡ್ಡಾಯ ಮಾಡಿದರು. ಲಾಸನ್ ಬೇಕೆಂದೇ ನಿಧಾನವಾಗಿ ಓಡಿ ಹಿಂದಿನವರನ್ನೆಲ್ಲ ತಡೆದು ಜೊತೆಗಾರ ಹಜಾರ್‌ಗೆ ಪಿಟ್ ಸಮಯ ಗಳಿಸಿಕೊಟ್ಟ. ವಿಲಿಯಮ್ಸ್‌ನ ಇಬ್ಬರು ಸರದಿಯಂತೆ ಅದನ್ನೇ ಮಾಡಿದರು. ವಿಲಿಯಮ್ಸ್‌ನ ಆಲ್ಬನ್‌ನ ಹಿಂದೆ ಸಿಕ್ಕಿಬಿದ್ದ ರಸೆಲ್ ತಾಳ್ಮೆ ಕೆಟ್ಟು ಚಿಕೇನ್ ಕತ್ತರಿಸಿ ದಾಟಿದ, ದಂಡ ಬಂತು.

ಸುಮ್ಮನೆ_ಓದುಗ
ಮೊನಾಕೊದಲ್ಲಿ ದಾಟುವ ಮಾತೇ ಬೇಡ. 2024ರಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು. ಮಲಗಿ ಎದ್ದರೂ ಏನೂ ತಪ್ಪಿಹೋಗುತ್ತಿರಲಿಲ್ಲ.

ಟೈರ್_ಮಾಪಕ
2026ರಿಂದ ಕಾರು 10 ಸೆಂಟಿಮೀಟರ್ ಕಿರಿದು, ಚಕ್ರಗಳ ನಡುವಿನ ಉದ್ದ 20 ಸೆಂಟಿಮೀಟರ್ ಕಡಿಮೆ. ಮೊನಾಕೊಗೆ ಅದು ಏನೂ ಸಾಲದು, ಬೇರೆ ಕಡೆ ನೋಡೋಣ.

ಪಪಾಯ_ಪಕ್ಷ
ಡಿಆರ್‌ಎಸ್ ಹೋಯಿತಲ್ಲ, ಅದೇ ದೊಡ್ಡ ಸುದ್ದಿ. ರೆಕ್ಕೆ ತೆರೆಯುವುದು ಈಗ ಎಲ್ಲರಿಗೂ ಇದೆ, ಹಿಂದಿನವನಿಗೆ ಸಿಗುವುದು ಹೆಚ್ಚುವರಿ ವಿದ್ಯುತ್ ಬಲ. ಜೊತೆಗಾರರ ನಡುವೆಯೂ ಇನ್ನು ಟ್ರ್ಯಾಕಿನ ಮೇಲೆಯೇ ತೀರ್ಮಾನವಾಗಬಹುದು. ಪಿಟ್ ವಾಲ್‌ಗೆ ಬೈಯುವ ಕೆಲಸ ನಿಮಗೆ ತಪ್ಪುತ್ತದೆ.

ಗಾಳಿಗೆ_ಗುರಿ
ತಪ್ಪುವುದಿಲ್ಲ, ಹೆಚ್ಚುತ್ತದೆ. ವಿದ್ಯುತ್ ಮೋಟಾರಿನ ಬಲ 120ರಿಂದ 350 ಕಿಲೋವ್ಯಾಟ್‌ಗೆ ಏರಿದೆ. ಬ್ಯಾಟರಿಯನ್ನು ಎಲ್ಲಿ ತುಂಬಿಕೊಳ್ಳಬೇಕು, ಎಲ್ಲಿ ಖರ್ಚು ಮಾಡಬೇಕು ಎಂಬುದರ ಮೇಲೆಯೇ ಇಡೀ ಲ್ಯಾಪ್ ನಿಂತಿದೆ. ಜೊತೆಗಾರನ ಬ್ಯಾಟರಿ ಯಾವ ತಿರುವಿನಾಚೆ ಬರಿದಾಗುತ್ತದೆ ಎಂಬುದು ಎರಡೂ ಕಾರಿನ ಮಾಹಿತಿ ನೋಡುವ ತಂಡಕ್ಕೆ ಗೊತ್ತಿರುತ್ತದೆ. ಅದನ್ನು ಹಿಂದಿನವನ ಎಂಜಿನಿಯರ್ ಹೇಳಬಹುದೇ? ಮುಂದಿನವನಿಗೆ ‘ಈಗ ಉಳಿಸಿಕೋ’ ಎಂದರೆ ಅದು ಸಲಹೆಯೋ ಆದೇಶವೋ?

ಲೆಕ್ಕದ_ಪುಸ್ತಕ
‘ಸ್ಥಾನ ಬಿಟ್ಟುಕೊಡು’ ಎಂದರೆ ಜಗತ್ತೆಲ್ಲ ಕೇಳಿಸಿಕೊಂಡು ಹೀಗೆ ಜಗಳವಾಡುತ್ತದೆ. ‘ಇಂಥ ಗುಂಡಿ ಒತ್ತು’ ಎಂದರೆ ಯಾರಿಗೆ ಏನು ತಿಳಿಯುತ್ತದೆ?

ಹಿಂಬದಿ_ಕನ್ನಡಿ
ಅದಕ್ಕೆ ಬೇರೆ ಚರ್ಚೆಯನ್ನೇ ತೆರೆಯಿರಿ. ಯಾವ ಗುಂಡಿ ಏನು ಮಾಡುತ್ತದೆ ಎಂದು ಗೊತ್ತಿರುವವರು ಅಲ್ಲಿ ಬಂದು ಬರೆಯಲಿ, ನಾನು ಓದುತ್ತೇನೆ.